ಪಹಣಿಯಲ್ಲಿ 2-10, ನೆಲದ ಮೇಲೆ 2-03: ಏಳು ಗುಂಟೆ ಎಲ್ಲಿ ಹೋಯಿತು?

ತೆಂಗಿನತೋಟ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ. 1987ರಲ್ಲಿ ನಮ್ಮ ತಂದೆಯವರು ಸರ್ವೆ ನಂಬರ್ 48ರಲ್ಲಿ ಒಂದು ಭಾಗವನ್ನು ಶುದ್ಧ ಕ್ರಯಕ್ಕೆ ಕೊಂಡರು. ಪತ್ರದಲ್ಲಿ ವಿಸ್ತೀರ್ಣ 2 ಎಕರೆ 10 ಗುಂಟೆ ಎಂದಿದೆ. ಚೆಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಸರ್ವೆ ನಂಬರ್ 47ರ ಜಮೀನು, ದಕ್ಷಿಣಕ್ಕೆ ಇದೇ ನಂಬರಿನಲ್ಲಿ ಮಾರಾಟಗಾರರು ಉಳಿಸಿಕೊಂಡ ಜಮೀನು. ಬದಿಗಳ ಅಳತೆ ಬರೆದಿಲ್ಲ, ನಕ್ಷೆಯನ್ನೂ ಲಗತ್ತಿಸಿಲ್ಲ.

ತಂದೆ ಈಗಿಲ್ಲ. ಅಣ್ಣನ ಮಗಳ ಓದಿಗೆ ಹಣ ಬೇಕಾಗಿದೆ, ಮಾರೋಣ ಎಂದು ಇಬ್ಬರೂ ಒಪ್ಪಿದ್ದೇವೆ. ಕೊಳ್ಳುವವರು ಖಾಸಗಿಯಾಗಿ ಒಬ್ಬರನ್ನು ಕರೆಸಿ ಜಿಪಿಎಸ್ ಯಂತ್ರದಿಂದ ಅಳೆಸಿದರು. ಅವರು ಕೊಟ್ಟ ಕಾಗದದಲ್ಲಿ 2.075 ಎಕರೆ ಎಂದಿದೆ. ಅಣ್ಣ ಅದನ್ನು ಎರಡು ಎಕರೆ ಏಳೂವರೆ ಗುಂಟೆ ಎಂದು ಓದುತ್ತಾನೆ. ನನಗೆ ಅದು ಎರಡು ಎಕರೆ ಮೂರು ಗುಂಟೆ ಅನ್ನಿಸುತ್ತದೆ. ಹೇಗೆ ಓದಿದರೂ ಕಡಿಮೆ.

ಉತ್ತರದ ಬದುವಿನ ಪಕ್ಕ ತಂದೆ ನೆಟ್ಟ ತೆಂಗಿನ ಸಾಲಿದೆ. ಸರ್ವೆ ನಂಬರುಗಳ ಗೆರೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೆ 47 ಮತ್ತು 48ರ ನಡುವಿನ ಗೆರೆ ಆ ಸಾಲಿನ ಮೇಲೆಯೇ ಹಾದುಹೋಗುತ್ತದೆ. 47ರವರು ಅದನ್ನೇ ತೋರಿಸಿ, ಬದು ಪೂರ್ತಿ ತಮ್ಮದು, ತೆಂಗೂ ತಮ್ಮ ಜಾಗದಲ್ಲಿದೆ ಎನ್ನುತ್ತಿದ್ದಾರೆ. ಅಣ್ಣನಿಗೆ ಅವರೇ ಏಳು ಗುಂಟೆ ಒತ್ತುವರಿ ಮಾಡಿದ್ದಾರೆ ಎಂಬ ಅನುಮಾನ. ಠಾಣೆಗೆ ದೂರು ಕೊಡುತ್ತೇನೆ ಎನ್ನುತ್ತಿದ್ದಾನೆ. ನಮ್ಮ ತಂದೆ ಮತ್ತು ಆ ಮನೆಯ ಹಿರಿಯರು ಒಂದೇ ಬಾವಿಯ ನೀರನ್ನು ಹಂಚಿಕೊಂಡು ಬೆಳೆ ತೆಗೆದವರು. ಜಗಳ ನನಗೆ ಬೇಡ.

ಪಹಣಿಯಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ. ಕಾಲಂ 3ರಲ್ಲಿ ಒಟ್ಟು 9-04, ಬ ಖರಾಬು 0-18, ಉಳಿಕೆ 8-26. ಕಾಲಂ 9ರಲ್ಲಿ ನಾಲ್ವರ ಹೆಸರುಗಳಿವೆ: 2-10, 2-10, 2-10, 2-14. ಪೋಡಿ ಆಗಿಲ್ಲ, ಅಂದರೆ ನಾಲ್ವರ ಭಾಗಗಳನ್ನು ಅಳೆದು ಬೇರೆ ಬೇರೆ ಹಿಸ್ಸಾ ನಂಬರು ಕೊಟ್ಟಿಲ್ಲ. ನಮ್ಮದು ಉತ್ತರದ ತುದಿಯ ಭಾಗ.

ಪತ್ರದ ವಿಸ್ತೀರ್ಣ, ಚೆಕ್ಕುಬಂದಿ, ಪಹಣಿ, ಆ್ಯಪ್, ಖಾಸಗಿ ಅಳತೆ, ಇವುಗಳಲ್ಲಿ ಯಾವುದನ್ನು ನಂಬಬೇಕು? ಮೊದಲು ಯಾವ ಕಚೇರಿಗೆ ಹೋಗಬೇಕು?

ಬೆಂಗಳೂರು ಉತ್ತರ ಅವರ ಉತ್ತರ

ಪಹಣಿ ಸರ್ಕಾರದ ದಾಖಲೆ. ಅದರಲ್ಲಿ 2-10 ಇದ್ದರೆ ನಿಮ್ಮದು 2-10 ಅಷ್ಟೇ. ಕೊಳ್ಳುವವರಿಗೆ ಪಹಣಿ ತೋರಿಸಿ ಅದೇ ವಿಸ್ತೀರ್ಣಕ್ಕೆ ನೋಂದಣಿ ಮಾಡಿಕೊಡಿ. ಅಳತೆ ಅವರ ತಲೆನೋವು.

ಹಳೆಯ ಸರಪಳಿ ಅವರ ಉತ್ತರ

ದಯವಿಟ್ಟು ಮೇಲಿನ ಸಲಹೆಯಂತೆ ನಡೆಯಬೇಡಿ. ನಾನು ಭೂಮಾಪನ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಇಲ್ಲದ ಗುಂಟೆಯನ್ನು ಕಾಗದದ ಮೇಲೆ ದಾಟಿಸುತ್ತಾ ಹೋದದ್ದರಿಂದಲೇ ಊರೂರಿನಲ್ಲಿ ಬದುವಿನ ಜಗಳಗಳು ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತಿವೆ. ಕೈಕೈ ಮಿಲಾಯಿಸಿದ ಅಣ್ಣತಮ್ಮಂದಿರ ನಡುವೆ ನಿಂತು ಅಳತೆ ಮಾಡಿದ್ದೇನೆ. ಎಷ್ಟೋ ಕಡೆ ಇಬ್ಬರೂ ಹೊಡೆದಾಡುತ್ತಿದ್ದ ಜಾಗ ಇಬ್ಬರದೂ ಆಗಿರಲಿಲ್ಲ.

ನೀವು ಪಹಣಿಯನ್ನು ಹಾಗೆಯೇ ಬರೆದದ್ದು ಬಹಳ ಉಪಕಾರವಾಯಿತು. ಕಾಲಂ 9ರ ನಾಲ್ಕು ಅಂಕಿಗಳನ್ನು ಕೂಡಿ ನೋಡಿ. ಎಕರೆಗೆ 40 ಗುಂಟೆಯಂತೆ 90, 90, 90, 94. ಒಟ್ಟು 364 ಗುಂಟೆ, ಅಂದರೆ 9 ಎಕರೆ 4 ಗುಂಟೆ. ಕಾಲಂ 3ರ ಒಟ್ಟು ವಿಸ್ತೀರ್ಣವೂ ಸರಿಯಾಗಿ ಅಷ್ಟೇ. ಆದರೆ ಅದರಲ್ಲಿ 18 ಗುಂಟೆ ಬ ಖರಾಬು ಕಳೆಯಬೇಕು. ಸಾಗುವಳಿಗೆ ಉಳಿಯುವುದು 346 ಗುಂಟೆ, 8-26. ನಾಲ್ವರಿಗೂ ಪತ್ರ ಬರೆದುಕೊಡುವಾಗ ಯಾರೋ ಖರಾಬನ್ನು ಕಳೆಯದೆ ಪೂರ್ತಿ ನಂಬರನ್ನೇ ಹಂಚಿದ್ದಾರೆ. ಕಾಲಂ 3 ಮತ್ತು ಕಾಲಂ 9 ತಾಳೆಯಾಗದ ಪಹಣಿ ಎಂದು ಕಚೇರಿಯಲ್ಲಿ ಹೇಳುವುದು ಇದಕ್ಕೇ.

ಇನ್ನು ಈ ಬ ಖರಾಬು ಏನು ಎಂಬುದು ಮುಖ್ಯ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಖರಾಬನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಬಂಡೆ, ಕಣ, ತೋಟದ ಮನೆಯಂತಹವು ಅ ಖರಾಬು. ಅದು ಬೇಸಾಯಕ್ಕೆ ಬಾರದ ಜಾಗ, ಆದರೆ ಹಿಡುವಳಿಯ ಒಳಗಿನದೇ. ದಾರಿ, ಹಳ್ಳ, ಕೆರೆ, ಸ್ಮಶಾನದಂತೆ ಸಾರ್ವಜನಿಕರ ಬಳಕೆಗೆ ಬಿಟ್ಟದ್ದು ಬ ಖರಾಬು. ಅದಕ್ಕೆ ಕಂದಾಯವನ್ನೂ ಕಟ್ಟಿರುವುದಿಲ್ಲ, ಅದನ್ನು ಮಾರುವ ಹಕ್ಕೂ ಯಾರಿಗೂ ಇಲ್ಲ. ನಿಮ್ಮ ಪೂರ್ವದ ಚೆಕ್ಕುಬಂದಿಯೇ ಹಳ್ಳ. ನನ್ನ ಊಹೆ ಏನೆಂದರೆ ಆ 18 ಗುಂಟೆ ಅದೇ ಹಳ್ಳದ್ದು, ಅದರಲ್ಲಿ ನಿಮ್ಮ ತಲೆಯ ಮೇಲೆ ಬಂದಿರುವ ಪಾಲು ಏಳು ಗುಂಟೆ. 47ರವರ ಜಮೀನಿಗೂ ಈ ಕೊರತೆಗೂ ಸಂಬಂಧವೇ ಇರಲಾರದು. ನಿಮ್ಮ ಅಣ್ಣನವರಿಗೆ ಇದನ್ನು ಇಂದೇ ಹೇಳಿ, ಠಾಣೆಯ ಮೆಟ್ಟಿಲು ಹತ್ತುವುದನ್ನು ತಡೆಯಿರಿ.

ಆ್ಯಪ್ ವಿಚಾರ. ದಿಶಾಂಕ್ ಒಳ್ಳೆಯ ಸಾಧನ. ನಿಂತ ಜಾಗ ಯಾವ ಸರ್ವೆ ನಂಬರಿನದು, ಪಕ್ಕದಲ್ಲಿ ಕೆರೆಯಿದೆಯೇ, ಗೋಮಾಳವಿದೆಯೇ ಎಂದು ತಿಳಿಯಲು ನಾನೂ ಬಳಸುತ್ತೇನೆ. ಆದರೆ ಅದರ ಗೆರೆಗಳು ಹುಟ್ಟಿದ್ದು ಹಳೆಯ ಗ್ರಾಮನಕ್ಷೆಗಳಿಂದ. ಆ ನಕ್ಷೆಗಳ ಪ್ರಮಾಣ ಒಂದಕ್ಕೆ 7920, ಎಂದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ 660 ಅಡಿ. ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಹೊಲದಲ್ಲಿ ಅದು ಸುಮಾರು 4 ಮೀಟರ್ ಅಗಲವಾಗುತ್ತದೆ. ಮೇಲಾಗಿ ಆ ಕಾಗದವನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದಾರೆ, ನಿಮ್ಮ ಮೊಬೈಲ್‌ನ ಜಿಪಿಎಸ್ ಕೂಡ ನಾಲ್ಕಾರು ಮೀಟರ್ ಅತ್ತಿತ್ತ ಓಡಾಡುತ್ತದೆ. ತೆಂಗಿನ ಸಾಲು ಯಾರದು ಎಂದು ಅದರಿಂದ ತೀರ್ಮಾನಿಸಲು ಆಗುವುದೇ ಇಲ್ಲ. 47ರವರಿಗೂ ಇದನ್ನು ಸಮಾಧಾನದಿಂದ ತಿಳಿಸಿ.

ಹಾಗಾದರೆ ಗೆರೆ ಎಲ್ಲಿದೆ? ಟಿಪ್ಪಣಿಯಲ್ಲಿದೆ. ಪ್ರತಿ ಸರ್ವೆ ನಂಬರಿಗೂ ಮೂಲ ಅಳತೆಯ ಕಾಲದಲ್ಲಿ ಬರೆದ ಟಿಪ್ಪಣಿ ಇರುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಈ ಕೆಲಸ ಶುರುವಾದದ್ದು 1860ರ ದಶಕದಲ್ಲಿ, ಬೊಂಬಾಯಿ ಪದ್ಧತಿಯಂತೆ. ವಿಸ್ತೀರ್ಣ ಮತ್ತು ಖರಾಬಿಗೆ ಆಕಾರಬಂದ್, ಅಂದರೆ ಪ್ರತಿ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಬರೆದಿಟ್ಟ ಸರ್ವೆ ಪುಸ್ತಕ ನೋಡಬೇಕು, ಆಕಾರ ಮತ್ತು ಬದಿಗಳ ಅಳತೆಗೆ ಟಿಪ್ಪಣಿ ನೋಡಬೇಕು, ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಪಹಣಿ ನೋಡಬೇಕು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗಲೇ ತೊಡಕು ಬರುವುದು. ತಾಲ್ಲೂಕಿನ ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು 48ರ ಟಿಪ್ಪಣಿ, ಆಕಾರಬಂದ್ ಮತ್ತು ಗ್ರಾಮನಕ್ಷೆಯ ದೃಢೀಕೃತ ನಕಲು ಪಡೆಯಿರಿ. ಹಳ್ಳವನ್ನು ಗುರುತು ಮಾಡಿದ್ದಾರೆಯೇ ಎಂದು ನೋಡಿ ಇಲ್ಲಿ ಬರೆಯಿರಿ. ನಿಮ್ಮ ಭಾಗ ಹಳ್ಳದ ಉದ್ದಕ್ಕೆ ಎಷ್ಟು ಅಡಿ ಇದೆ, ಹಳ್ಳದ ಅಗಲ ಎಷ್ಟು ಎಂಬುದನ್ನೂ ತಿಳಿಸಿ.

ಪುತ್ತೂರು ಅಡಿಕೆ ಅವರ ಉತ್ತರ

ನಿಮ್ಮ ಅಣ್ಣ 2.075ನ್ನು ಏಳೂವರೆ ಗುಂಟೆ ಎಂದು ಓದಿದ ಬಗ್ಗೆ ಒಂದು ಮಾತು. ನಮ್ಮ ದಕ್ಷಿಣ ಕನ್ನಡದಲ್ಲಿ ಲೆಕ್ಕವೆಲ್ಲ ಸೆಂಟ್ಸ್‌ನಲ್ಲಿ. ಎಕರೆಗೆ ನೂರು ಸೆಂಟ್ಸ್, ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಆದ್ದರಿಂದ ನಮ್ಮಲ್ಲಿ 2.10 ಎಂದು ಬರೆದರೆ ಎರಡು ಎಕರೆ ಹತ್ತು ಸೆಂಟ್ಸ್, ನಿಮ್ಮ ಲೆಕ್ಕದಲ್ಲಿ 2 ಎಕರೆ 4 ಗುಂಟೆ. ನಿಮ್ಮ ಕಡೆಯ 2-10 ನಮ್ಮಲ್ಲಿ 2.25. ನಡುವೆ ಇರುವುದು ಒಂದು ಚುಕ್ಕೆ ಅಥವಾ ಅಡ್ಡಗೆರೆ, ವ್ಯತ್ಯಾಸ ಆರು ಗುಂಟೆ. ನಮ್ಮ ಭಾವ ತಿಪಟೂರಿನ ಕಡೆ ಜಾಗ ನೋಡಲು ಹೋದಾಗ ಇದೇ ಕಾರಣಕ್ಕೆ ಬೆಲೆಯ ಮಾತು ಅರ್ಧಕ್ಕೆ ನಿಂತಿತ್ತು. ನಿಮ್ಮ ಖಾಸಗಿ ಅಳತೆಯವರು ಎಕರೆಯ ದಶಮಾಂಶದಲ್ಲಿ ಬರೆದಿದ್ದಾರೆ. 0.075ನ್ನು 40ರಿಂದ ಗುಣಿಸಿದರೆ 3. ನೀವು ಓದಿದ ಮೂರು ಗುಂಟೆಯೇ ಸರಿ.

ಕೋರ್ಟ್ ರಸ್ತೆ ಅವರ ಉತ್ತರ

ನಾನು ಸಿವಿಲ್ ಕಡೆ ವಕಾಲತ್ತು ಮಾಡುತ್ತೇನೆ. ಕಾನೂನಿನ ಭಾಗವನ್ನಷ್ಟೇ ಹೇಳುತ್ತೇನೆ.

ಪಹಣಿಯ ನಮೂದು ಸರಿಯೆಂದು ಊಹಿಸಬೇಕು ಎಂದು 1964ರ ಭೂಕಂದಾಯ ಅಧಿನಿಯಮದ 133ನೇ ಕಲಂ ಹೇಳುತ್ತದೆ, ಆದರೆ ತಪ್ಪೆಂದು ರುಜುವಾಗುವವರೆಗೆ ಮಾತ್ರ. ಪಹಣಿ ಮಾಲೀಕತ್ವವನ್ನು ಸೃಷ್ಟಿಸುವ ಪತ್ರವೂ ಅಲ್ಲ. ಕ್ರಯಪತ್ರದ ಒಳಗೇ ವಿಸ್ತೀರ್ಣ ಒಂದು ಹೇಳಿ, ಚೆಕ್ಕುಬಂದಿ ಇನ್ನೊಂದು ಹೇಳಿದರೆ ಸಾಮಾನ್ಯವಾಗಿ ಚೆಕ್ಕುಬಂದಿಗೇ ಹೆಚ್ಚಿನ ಬೆಲೆ. ಸುಭಾಗಾ ವಿರುದ್ಧ ಶೋಭಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನು ಮತ್ತೆ ಹೇಳಿದೆ. ಇನ್ನೂ ಹಳೆಯ ಶಿಯೋಧ್ಯಾನ್ ಸಿಂಗ್ ಪ್ರಕರಣದಲ್ಲಿ ಜಮೀನಿನ ಸಂಖ್ಯೆ 1060 ಎಂದಿರಬೇಕಾದಲ್ಲಿ 160 ಎಂದು ಬರೆದುಬಿಟ್ಟಿದ್ದರು. ಗಡಿ ಮತ್ತು ವಿಸ್ತೀರ್ಣ ಹೊಂದಿಕೊಂಡಿದ್ದರಿಂದ ಅದು ಬರಹದ ತಪ್ಪು ಮಾತ್ರ, ಜಮೀನು ಅದೇ ಎಂದು ನ್ಯಾಯಾಲಯ ತೀರ್ಮಾನಿಸಿತು.

ಇದನ್ನು ನಿಮ್ಮ ಪತ್ರಕ್ಕೆ ಅನ್ವಯಿಸಿ. ಪೂರ್ವಕ್ಕೆ ಹಳ್ಳ ಎಂದು ಬರೆದ ಮೇಲೆ ನಿಮ್ಮ ಜಮೀನು ಹಳ್ಳದ ದಡದಲ್ಲಿ ಮುಗಿಯಿತು. 2-10 ಎಂಬ ಅಂಕಿ ಆ ದಡವನ್ನು ದಾಟಿಸಲಾರದು.

ಒಂದು ಕಡೆ ಮಾತ್ರ ಎಚ್ಚರಿಕೆ ಬೇಕು. ದಕ್ಷಿಣದ ಗಡಿ ಮಾರಾಟಗಾರರು ಉಳಿಸಿಕೊಂಡ ಜಮೀನು ಎಂದಿದೆ. ಹಳ್ಳ, ದಾರಿಗಳಂತೆ ಅದು ತಾನಾಗಿ ನಿಂತ ಗುರುತಲ್ಲ. ಆದ್ದರಿಂದ ನಿಮ್ಮ ಅಣ್ಣ ನಾಳೆ, ಬದುವನ್ನು ದಕ್ಷಿಣಕ್ಕೆ ಸರಿಸಿ ಏಳು ಗುಂಟೆ ತುಂಬಿಕೊಡಿ ಎಂದು ಕೇಳಬಹುದು. 1987ರಿಂದ ಎರಡೂ ಕಡೆಯವರು ಒಂದೇ ಬದುವನ್ನು ಗಡಿಯೆಂದು ಒಪ್ಪಿ ಉತ್ತಿದ್ದರೆ ಆ ವಾದ ನಿಲ್ಲುವುದು ಕಷ್ಟ. ದಕ್ಷಿಣದ ಬದು ಯಾವಾಗಿನದು?

ತೆಂಗಿನತೋಟ

ತಡವಾಗಿ ಬರೆಯುತ್ತಿದ್ದೇನೆ, ನಕಲುಗಳು ಕೈಗೆ ಬರಲು ಸಮಯ ಹಿಡಿಯಿತು. ನಿಮ್ಮೆಲ್ಲರ ಉತ್ತರಗಳನ್ನು ಅಣ್ಣನಿಗೆ ಓದಿ ಹೇಳಿದೆ. ದೂರಿನ ಮಾತು ಸದ್ಯಕ್ಕೆ ನಿಂತಿದೆ.

ವಕೀಲರು ಕೇಳಿದ ದಕ್ಷಿಣದ ಬದು ನೋಂದಣಿಯಾದ ವರ್ಷವೇ ಹಾಕಿದ್ದು. ತಂದೆ ಮತ್ತು ಮಾರಾಟಗಾರರು ಜೊತೆಯಲ್ಲಿ ನಿಂತು ಹಾಕಿಸಿದರು ಎಂದು ಅಮ್ಮ ಹೇಳುತ್ತಾರೆ. ಅದರ ಮೇಲಿನ ಹೊಂಗೆ ಮರಗಳು ಅದೇ ಕಾಲದವು.

ಟಿಪ್ಪಣಿಯಲ್ಲಿ ಉತ್ತರದ ಬದಿಯ ಮೇಲೆ 12-14 ಎಂದು ಬರೆದಿದೆ. ಅದೇ ಗೆರೆಯ ಮೇಲೆ, ಪೂರ್ವದ ತುದಿಗೆ ಸ್ವಲ್ಪ ಮೊದಲು, 11-14 ಎಂದು ಬರೆದು ಅಲ್ಲಿಂದ ಎರಡು ಅಲೆಗೆರೆ ಎಳೆದು ಹಳ್ಳ ಎಂದಿದೆ. ಖಾಸಗಿ ಅಳತೆಯವರ ಕಾಗದದಲ್ಲಿ ಉತ್ತರದ ಬದಿ ಬಂಡಿದಾರಿಯಿಂದ ಹಳ್ಳದ ದಡದವರೆಗೆ 392 ಅಡಿ. ನಮ್ಮ ಭಾಗ ಹಳ್ಳದ ಉದ್ದಕ್ಕೆ ಸುಮಾರು 230 ಅಡಿ ಇದೆ. ಹಳ್ಳದ ಅಗಲವನ್ನು ಟೇಪಿನಿಂದ ಅಳೆದೆವು, 32ರಿಂದ 34 ಅಡಿ ಬಂತು. ಬಂಡಿದಾರಿಯ ಪಕ್ಕ ಕತ್ತಾಳೆ ಪೊದೆಯೊಳಗೆ ಒಂದು ಬಾಂದುಕಲ್ಲು (ಸರ್ವೆಯವರು ನೆಟ್ಟ ಗಡಿಕಲ್ಲು) ಸಿಕ್ಕಿದೆ. ಅದು ಬದುವಿನ ನೇರದಲ್ಲೇ ಇದೆ. ಹಳ್ಳದ ಕಡೆ ಕಲ್ಲು ಕಾಣಲಿಲ್ಲ.

12-14 ಎಂದರೆ ಏನು ಎಂದು ಗೊತ್ತಾಗಲಿಲ್ಲ. ಗುಂಟೆಯಂತೂ ಇರಲಾರದು.

ಹಳೆಯ ಸರಪಳಿ

ಆ ಅಂಕಿಗಳನ್ನು ಓದಿ ಮನಸ್ಸಿಗೆ ಬಹಳ ಸಂತೋಷವಾಯಿತು. ಅದು ಸರಪಳಿ ಮತ್ತು ಆಣೆಯ ಲೆಕ್ಕ. ನಮ್ಮ ಸರಪಳಿಯ ಉದ್ದ 33 ಅಡಿ, ಅದಕ್ಕೆ 16 ಆಣೆ. ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಅಂಗುಲ. ಸರಪಳಿ ಉದ್ದ, ಸರಪಳಿ ಅಗಲದ ಚೌಕ, ಅಂದರೆ 33 ಅಡಿ ಗುಣಿಸು 33 ಅಡಿ, 1089 ಚದರ ಅಡಿ. ಅದೇ ಒಂದು ಗುಂಟೆ. ಅಂತಹ 40 ಚೌಕ ಸೇರಿದರೆ 43,560 ಚದರ ಅಡಿಯ ಎಕರೆ.

ಈಗ 11-14ನ್ನು ಅಡಿಗೆ ಇಳಿಸೋಣ. ಹನ್ನೊಂದು ಸರಪಳಿಗೆ 363 ಅಡಿ, ಹದಿನಾಲ್ಕು ಆಣೆಗೆ 28 ಅಡಿ ಹತ್ತೂವರೆ ಅಂಗುಲ. ಕೂಡಿದರೆ 391 ಅಡಿ ಹತ್ತೂವರೆ ಅಂಗುಲ. ನಿಮ್ಮ ಜಿಪಿಎಸ್ ಯಂತ್ರ ಹೇಳಿದ್ದು 392 ಅಡಿ. ಕಬ್ಬಿಣದ ಸರಪಳಿಯನ್ನು ಮುಳ್ಳುಕಂಟಿಯ ನಡುವೆ ಎಳೆದುಕೊಂಡು ಹೋಗಿ ಅಳೆದವರ ಅಂಕಿಗೂ ಇಂದಿನ ಯಂತ್ರದ ಅಂಕಿಗೂ ಇರುವ ವ್ಯತ್ಯಾಸ ಒಂದೂವರೆ ಅಂಗುಲ. ಆ ಜನರ ಹೆಸರೂ ನಮಗೆ ತಿಳಿಯದು. ಇಂತಹ ಕೆಲಸವನ್ನು ಕಂಡಾಗ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

12-14ರಿಂದ 11-14 ಕಳೆದರೆ ಒಂದು ಸರಪಳಿ, 33 ಅಡಿ. ಅದು ಹಳ್ಳದ ಅಗಲ. ನಿಮ್ಮ ಟೇಪೂ ಅದನ್ನೇ ಹೇಳಿದೆ. ಉದ್ದ 230 ಅಡಿ ಎಂದರೆ ಒಂದಡಿ ಕಡಿಮೆ ಏಳು ಸರಪಳಿ. ಏಳು ಸರಪಳಿ ಉದ್ದ, ಒಂದು ಸರಪಳಿ ಅಗಲ, ಏಳು ಗುಂಟೆ. ನೀವು ಹುಡುಕುತ್ತಿದ್ದ ಏಳು ಗುಂಟೆ ಹಳ್ಳದಲ್ಲಿದೆ. 18ರಲ್ಲಿ ಉಳಿದ 11 ಗುಂಟೆ ಉಳಿದ ಮೂವರ ಪೂರ್ವದಂಚಿನಲ್ಲಿ ಇರಬೇಕು. ಅವರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ದಕ್ಷಿಣದ ಬದುವನ್ನು ಸರಿಸಿದರೆ ನಿಮ್ಮ ಕೊರತೆ ಪಕ್ಕದವರ ಕೊರತೆಯಾಗುತ್ತದೆ. ಇಡೀ ನಂಬರಿನಲ್ಲಿ ಯಾರ ಬಳಿಯೂ ಹೆಚ್ಚುವರಿ ಜಾಗ ಇಲ್ಲ.

ಉತ್ತರದ ಬದುವಿಗೆ ಬರೋಣ. ದಾರಿಯ ಕಡೆಯ ಕಲ್ಲು ಬದುವಿನ ನೇರದಲ್ಲಿ ಇರುವುದು ಒಳ್ಳೆಯ ಲಕ್ಷಣ. ಆದರೆ ಒಂದು ಕಲ್ಲಿನಿಂದ ಗೆರೆ ಹುಟ್ಟುವುದಿಲ್ಲ. ಪೂರ್ವದ ಕಲ್ಲನ್ನು ಹಳ್ಳ ಕೊಚ್ಚಿರಬಹುದು, ಅದನ್ನು ಟಿಪ್ಪಣಿಯ ಅಳತೆಯಿಂದ ಮತ್ತೆ ನಿಲ್ಲಿಸಬೇಕು. ಅದಕ್ಕೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸುವುದಕ್ಕೆ, ಅರ್ಜಿ ಕೊಡಿ. ಕೈಮೇಲೆ ಖಾಸಗಿ ಅಳತೆ ಇದ್ದರೂ ನೆರೆಯವರಿಗೆ ನೋಟೀಸು ಕೊಟ್ಟು, ಅವರ ಎದುರಿನಲ್ಲಿ ಸರ್ಕಾರಿ ಭೂಮಾಪಕರು ಮಾಡಿದ ಅಳತೆಗೆ ಇರುವ ತೂಕ ಅದಕ್ಕೆ ಬಾರದು. ಅಳತೆಗಾರರು ಬಂದಾಗ ಹಳ್ಳದ ಅಂಚನ್ನು ಟಿಪ್ಪಣಿಯಿಂದ ಗುರುತಿಸುವಂತೆ ಕೇಳಿ, ಈಗ ನೀರು ಹರಿಯುವ ಜಾಗದಿಂದಲ್ಲ. ಹಳ್ಳ ಮಳೆಗಾಲಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ನಿಮ್ಮಲ್ಲಿ ಅದು ಹೆಚ್ಚು ಅಲುಗಾಡದೆ ಇರುವುದು ನಿಮ್ಮ ಪುಣ್ಯ.

ಅಳತೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಇಬ್ಬರಿಗೂ ಮೇಲ್ಮನವಿಯ ದಾರಿ ಇದೆ. ಹಕ್ಕಿನ ತಕರಾರನ್ನು ಭೂಮಾಪಕರು ತೀರ್ಮಾನಿಸುವುದಿಲ್ಲ, ಅದು ನ್ಯಾಯಾಲಯದ ಕೆಲಸ.

ಕೋರ್ಟ್ ರಸ್ತೆ

ಮಾರಾಟದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಪೋಡಿ ಆಗದ ನಂಬರಿನ ಒಂದು ಭಾಗವನ್ನು ನೋಂದಣಿ ಮಾಡಲು 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಭೂಮಾಪನ ಇಲಾಖೆ ಕೊಡುವ ನಕ್ಷೆ, ಬೇಕೇ ಬೇಕು. ಆ ನಕ್ಷೆಯಲ್ಲಿ 2-03 ಬಂದರೆ ಹೊಸ ಪತ್ರದಲ್ಲಿಯೂ 2-03 ಎಂದೇ ಬರೆಯಿರಿ. 1987ರ ಮಾರಾಟಗಾರರಿಂದ ಏಳು ಗುಂಟೆಯ ಹಣ ವಾಪಸ್ ಕೇಳುವ ಅವಧಿ ಬಹುತೇಕ ಮುಗಿದುಹೋಗಿದೆ, ಅದನ್ನು ನಂಬಿಕೊಂಡು ಕೂರಬೇಡಿ. ಹಾಗೆಂದು ಕೊಳ್ಳುವವರ ಮೇಲೆ ಆ ನಷ್ಟವನ್ನು ಹಾಕಿದರೆ ನಾಳೆ ದಾವೆ ಬರುವುದು ನಿಮ್ಮ ಹೆಸರಿಗೆ.

ಷೆಡ್ಯೂಲಿನಲ್ಲಿ ಬರೀ ನಾಲ್ಕು ದಿಕ್ಕು ಬರೆದು ಬಿಡಬೇಡಿ. ಪ್ರತಿ ಬದಿಯ ಅಳತೆ, ಯಾವ ಮೂಲೆಯಲ್ಲಿ ಕಲ್ಲಿದೆ ಎಂಬುದು, ಪೂರ್ವಕ್ಕೆ ಬ ಖರಾಬು ಹಳ್ಳದ ಪಶ್ಚಿಮ ದಡ ಎಂಬ ಮಾತು, ಉತ್ತರಕ್ಕೆ ಸರ್ವೆ ನಂಬರ್ 47 ಎಂಬುದು, ಇವೆಲ್ಲ ಇರಲಿ. ಪಕ್ಕದವರ ಹೆಸರು ಬರೆದರೆ ಜೊತೆಗೆ ಸರ್ವೆ ನಂಬರೂ ಇರಲಿ, ಜಮೀನು ಕೈ ಬದಲಾಗುತ್ತಲೇ ಇರುತ್ತದೆ. ಸ್ಥಿರಾಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಬೇಕು ಎಂದು 1908ರ ನೋಂದಣಿ ಅಧಿನಿಯಮದ 21ನೇ ಕಲಂ ಕೇಳುತ್ತದೆ. ನಿಮ್ಮ ತಂದೆಯ ಪತ್ರದೊಂದಿಗೆ ಒಂದು ನಕ್ಷೆ ಇದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ತೆಂಗಿನತೋಟ

ಅಣ್ಣನಿಗೆ 11-14ರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ನಾಡಕಚೇರಿಗೆ ಯಾವಾಗ ಹೋಗೋಣ ಎಂದು ಕೇಳಿದ. ಹದ್ದುಬಸ್ತು ಮತ್ತು 11ಇ ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಬಹುದೇ? ಕಾಲಂ 9 ತಿದ್ದುಪಡಿಗೆ ಉಳಿದ ಮೂವರು ಒಪ್ಪದಿದ್ದರೆ ಏನು ಮಾಡುವುದು?

ಹಳೆಯ ಸರಪಳಿ

ಮೊದಲು ಹದ್ದುಬಸ್ತು ಮುಗಿಯಲಿ. ಗಡಿ ನಿಂತ ಮೇಲೆ 11ಇ ಮಾಡಿಸಿದರೆ ನಕ್ಷೆಯನ್ನು ಯಾರೂ ಅಲ್ಲಾಡಿಸಲಾರರು. ಎರಡನ್ನೂ ಒಟ್ಟಿಗೆ ಓಡಿಸಿದರೆ ಒಂದರ ತಕರಾರು ಇನ್ನೊಂದನ್ನು ಕಟ್ಟಿಹಾಕುತ್ತದೆ.

ಉಳಿದ ಮೂವರನ್ನು ಅಳತೆಯ ದಿನವೇ ಕರೆಯಿರಿ. ನೋಟೀಸು ಹೋಗಿಯೇ ಹೋಗುತ್ತದೆ, ಆದರೂ ನೀವು ಮನೆಗೆ ಹೋಗಿ ಹೇಳಿ. ಕಾಲಂ 3 ಮತ್ತು 9ರ ವ್ಯತ್ಯಾಸ ಇರುವವರೆಗೆ ಅವರೂ ಮಾರಲು, ಭಾಗ ಮಾಡಿಕೊಳ್ಳಲು, ಪೋಡಿ ಮಾಡಿಸಲು ಹೋದರೆ ಇಲ್ಲಿಯೇ ಬಂದು ಸಿಕ್ಕಿಬೀಳುತ್ತಾರೆ ಎಂಬುದನ್ನು ತಿಳಿಸಿ. ಟಿಪ್ಪಣಿಯನ್ನು ಅವರ ಕೈಗೆ ಕೊಟ್ಟು ಅವರವರ ಪೂರ್ವದ ಬದಿಯನ್ನು ಅವರೇ ಲೆಕ್ಕ ಹಾಕುವಂತೆ ಮಾಡಿ. ಹಾಗೆ ಮಾಡಿದವರು ಒಪ್ಪದೇ ಹೋದದ್ದನ್ನು ನಾನು ಕಂಡದ್ದು ಕಡಿಮೆ. ನಾಲ್ವರೂ ಸಹಿ ಹಾಕಿದರೆ ತಹಶೀಲ್ದಾರರ ಮುಂದೆ ತಿದ್ದುಪಡಿ ಸಲೀಸು. ಒಬ್ಬರು ಒಪ್ಪದಿದ್ದರೂ ಅರ್ಜಿ ಸಲ್ಲಿಸಿ, ವಿಚಾರಣೆ ನಡೆಸಿ ಆದೇಶ ಮಾಡುವ ಅಧಿಕಾರ ಅಧಿಕಾರಿಗಳಿಗಿದೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಇನ್ನೊಂದು ಕೆಲಸ ಉಳಿದಿದೆ. 47ರ ಟಿಪ್ಪಣಿಯ ನಕಲನ್ನೂ ಪಡೆಯಿರಿ. ನಿಮ್ಮ ಉತ್ತರದ ಬದಿ ಅವರ ದಕ್ಷಿಣದ ಬದಿ. ಎರಡು ಟಿಪ್ಪಣಿಗಳಲ್ಲಿ ಆ ಒಂದು ಗೆರೆಯ ಅಳತೆ ಒಂದೇ ಇರಬೇಕು. ಅದನ್ನು ಅಳತೆಯ ದಿನದವರೆಗೆ ಇಟ್ಟುಕೊಳ್ಳದೆ, ಮೊದಲೇ ಅವರ ಮನೆಗೆ ತೆಗೆದುಕೊಂಡು ಹೋಗಿ ತೋರಿಸಿ. ಅಣ್ಣನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.